ಬೆಲ್ ಆ್ಯಂಡ್ ಸೆಬಾಸ್ಟಿಯನ್: 2002ರ ಆಚೆ ಈಚೆ ಎರಡು ಬೇರೆ ತಂಡಗಳೇ?

ಮಳೆಬಿಲ್ಲು_ಮೈಸೂರು

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಪಾಪ್ ಸಂಗೀತದಲ್ಲಿ ನನ್ನ ಕಿವಿ ಇನ್ನೂ ಪಳಗಿಲ್ಲ, ಆದ್ದರಿಂದ ತಿಳಿದವರನ್ನು ಕೇಳುತ್ತಿದ್ದೇನೆ. ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದ ಬೆಲ್ ಆ್ಯಂಡ್ ಸೆಬಾಸ್ಟಿಯನ್ ತಂಡದ 'ಇಫ್ ಯು ಆರ್ ಫೀಲಿಂಗ್ ಸಿನಿಸ್ಟರ್' ಆಲ್ಬಂ ಗೆಳತಿಯೊಬ್ಬಳ ಮೂಲಕ ಸಿಕ್ಕಿತು. 1996ರದು. ಗಾಯಕ ಪಕ್ಕದ ಕೋಣೆಯವರಿಗೆ ಕೇಳಬಾರದು ಎಂಬಂತೆ ಹಾಡುತ್ತಾನೆ. ಅಕೌಸ್ಟಿಕ್ ಗಿಟಾರ್, ಪಿಯಾನೊ, ನಡುವೆ ಚೆಲೋ (ಪಿಟೀಲಿನ ಜಾತಿಯ ದೊಡ್ಡ, ತಗ್ಗುದನಿಯ ವಾದ್ಯ), ಆಗೊಮ್ಮೆ ಈಗೊಮ್ಮೆ ಒಂದು ಟ್ರಂಪೆಟ್. ಡ್ರಮ್ಸ್ ಇದೆ ಎಂಬುದೇ ಎರಡನೆಯ ಸಲ ಕೇಳಿದಾಗ ತಿಳಿಯಿತು.

ಅದೇ ಹುಮ್ಮಸ್ಸಿನಲ್ಲಿ 2006ರ 'ದ ಲೈಫ್ ಪರ್ಸೂಟ್' ಹಚ್ಚಿದೆ. ಎಲೆಕ್ಟ್ರಿಕ್ ಗಿಟಾರ್ ಎದೆಯುಬ್ಬಿಸಿ ಬರುತ್ತದೆ, ಡ್ರಮ್ಸ್ ಕೋಣೆಯ ನಡುವೆ ಕುಳಿತಿದೆ. ಅದೇ ಗಾಯಕ, ಆದರೆ ಈಗ ಸಭಿಕರತ್ತ ಮುಖ ಮಾಡಿ ಹಾಡುತ್ತಿದ್ದಾನೆ. ಕೆಟ್ಟದ್ದೆಂದು ಹೇಳಲಾರೆ. ಆದರೆ ಹತ್ತು ವರ್ಷದಲ್ಲಿ ಏನಾಯಿತು? ಚೆಲೋ ನುಡಿಸುತ್ತಿದ್ದ ಇಸೊಬೆಲ್ ಕ್ಯಾಂಬೆಲ್ 2002ರಲ್ಲಿ ಬಿಟ್ಟುಹೋದರೆಂದು ಓದಿದೆ. ಬದಲಾವಣೆಗೆ ಅದೇ ಕಾರಣವೇ? ಅಂತರ್ಜಾಲದಲ್ಲಿ ಯಾರು ಯಾವಾಗ ಬಂದರು, ಹೋದರು ಎಂಬ ಪಟ್ಟಿ ಸಿಗುತ್ತದೆಯೇ ಹೊರತು, ಅವರು ಹೋದುದರಿಂದ ಹಾಡಿನಲ್ಲಿ ಏನು ಹೋಯಿತು ಎಂದು ಯಾರೂ ಬರೆದಿಲ್ಲ.

ಬಸವನಗುಡಿ_ಬಾಸ್

ಇಷ್ಟು ಯೋಚಿಸುವ ಅಗತ್ಯವೇ ಇಲ್ಲ. ಕಾರಣ ಒಬ್ಬನೇ: ಟ್ರೆವರ್ ಹಾರ್ನ್. ಫ್ರ್ಯಾಂಕಿ ಗೋಸ್ ಟು ಹಾಲಿವುಡ್, ಎಬಿಸಿ ಮುಂತಾದ ತಂಡಗಳಿಗೆ ಎಂಬತ್ತರ ದಶಕದ ಆ ಮಿರುಗುವ ಬಣ್ಣ ಬಳಿದ ಪ್ರೊಡ್ಯೂಸರ್, ಅಂದರೆ ಮುದ್ರಣದಲ್ಲಿ ಹಾಡಿನ ದನಿ ಹೇಗಿರಬೇಕೆಂದು ತೀರ್ಮಾನಿಸುವವ. 2003ರ 'ಡಿಯರ್ ಕಟಾಸ್ಟ್ರಫಿ ವೇಟ್ರೆಸ್' ಆಲ್ಬಮಿಗೆ ಆತನನ್ನು ಕರೆತಂದರು. ಸಂಕೋಚದಿಂದ ನಿಂತಿದ್ದ ತಂಡವನ್ನು ತಿಕ್ಕಿ ತೊಳೆದು, ಕೂದಲು ಬಾಚಿ, ಮದುವೆ ಮನೆಗೆ ಕಳುಹಿಸಿದ ಆತ. ಮೊದಲ ಮೂರು ಆಲ್ಬಂ ಕೇಳಿ, ಉಳಿದದ್ದನ್ನು ಬಿಡಿ. ನಾನು ಹಾಗೆಯೇ ಮಾಡಿದ್ದೇನೆ, ನೆಮ್ಮದಿಯಾಗಿದ್ದೇನೆ.

ಪಿಟೀಲು_ಮಾಮ

ಬಾಸ್ ಅವರೇ, ಉಳಿದದ್ದನ್ನು ಕೇಳದೆಯೇ ಅದರ ಮೇಲೆ ತೀರ್ಪು ಕೊಡುವ ನಿಮ್ಮ ನೆಮ್ಮದಿ ನನಗೆ ಇಲ್ಲ. ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮಳೆಬಿಲ್ಲು ಅವರೇ, ನೀವು ಮೆಚ್ಚಿದ ಆ ಮೆಲುದನಿ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡಿ. ಹಾಡು ಬರೆದು ಹಾಡುವ ಸ್ಟುವರ್ಟ್ ಮರ್ಡಾಕ್ ಎಂಬತ್ತರ ದಶಕದ ಕೊನೆಯಲ್ಲಿ ತೀವ್ರ ಆಯಾಸದ ಕಾಯಿಲೆಗೆ ಬಿದ್ದವರು. ಎಂಇ ಎನ್ನುತ್ತಾರಲ್ಲ, ಅದು. ಎಷ್ಟೋ ವರ್ಷ ಕೆಲಸವಿಲ್ಲ, ಓಡಾಟವಿಲ್ಲ. ಹಾಡು ಕಟ್ಟುವುದನ್ನು ಕಲಿತದ್ದೇ ಆ ಅವಧಿಯಲ್ಲಿ. ಆಮೇಲೆ ನಿರುದ್ಯೋಗಿ ಸಂಗೀತಗಾರರಿಗಾಗಿ ನಡೆಯುತ್ತಿದ್ದ ಬೀಟ್‌ಬಾಕ್ಸ್ ಎಂಬ ತರಬೇತಿಗೆ ಸೇರಿದರು. ಅಲ್ಲಿ ಸಿಕ್ಕವರು ಬಾಸ್ ನುಡಿಸುವ ಇನ್ನೊಬ್ಬ ಸ್ಟುವರ್ಟ್, ಸ್ಟುವರ್ಟ್ ಡೇವಿಡ್. ಇವರಿಬ್ಬರ ಮಾದರಿ ಧ್ವನಿಮುದ್ರಣ ಗ್ಲಾಸ್ಗೋದ ಸ್ಟೋ ಕಾಲೇಜಿನವರ ಕಿವಿಗೆ ಬಿತ್ತು. ಅಲ್ಲಿ ಸಂಗೀತ ವ್ಯವಹಾರದ ಪಾಠವಿತ್ತು. ವಿದ್ಯಾರ್ಥಿಗಳು ಎಲೆಕ್ಟ್ರಿಕ್ ಹನಿ ಎಂಬ ತಮ್ಮದೇ ಲೇಬಲ್‌ನಿಂದ (ಹಾಡು ಪ್ರಕಟಿಸುವ ಸಂಸ್ಥೆ) ವರ್ಷಕ್ಕೊಂದು ಸಿಂಗಲ್, ಅಂದರೆ ಬಿಡಿ ಹಾಡು, ಹೊರತರುತ್ತಿದ್ದರು. ಮರ್ಡಾಕ್ ಬಳಿ ಹಾಡುಗಳ ರಾಶಿಯೇ ಇತ್ತು, ಹಾಗಾಗಿ ಇಡೀ ಆಲ್ಬಮನ್ನೇ ಮಾಡಿದರು. ಅದೇ 'ಟೈಗರ್‌ಮಿಲ್ಕ್', 1996. ಮೂರು ದಿನದಲ್ಲಿ ಮುದ್ರಣ ಮುಗಿದಿತ್ತು. ಒತ್ತಿದ್ದು 1000 ಎಲ್‌ಪಿ ಮಾತ್ರ. 1999ರಲ್ಲಿ ಮರುಮುದ್ರಣವಾಗುವವರೆಗೆ ಜನ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡೇ ಕೇಳಿದರು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಆ ತಂಡದವರು ಒಬ್ಬರಿಗೊಬ್ಬರು ಹೊಸಬರು. ಡ್ರಮ್ಸ್‌ನ ರಿಚರ್ಡ್ ಕೋಲ್‌ಬರ್ನ್ ಆ ಪಾಠದ ವಿದ್ಯಾರ್ಥಿ. ಗಿಟಾರಿನ ಸ್ಟೀವಿ ಜಾಕ್ಸನ್ ಬೇರೆ ತಂಡದಲ್ಲಿ ಪಳಗಿದವರು. ಕ್ಯಾಂಬೆಲ್ ಆಗಷ್ಟೇ ಪರಿಚಯವಾಗಿದ್ದ ಇಪ್ಪತ್ತರ ಆಸುಪಾಸಿನ ಹುಡುಗಿ. ಹೊಸಬರು ಜೊತೆಗೆ ನುಡಿಸುವಾಗ ಯಾರೂ ಯಾರನ್ನೂ ಮೀರಿ ಹೋಗುವುದಿಲ್ಲ. ಎಲ್ಲರೂ ತಗ್ಗಿ, ಪಕ್ಕದವರು ಏನು ಮಾಡುತ್ತಾರೆಂದು ಕಾಯುತ್ತಾರೆ. ನಾನು ಸುಗಮ ಸಂಗೀತದ ಕಾರ್ಯಕ್ರಮಗಳಲ್ಲಿ ಪಿಟೀಲು ಹಿಡಿದು ಕುಳಿತವನು. ಮೊದಲ ಸಲ ಜೊತೆಗೂಡಿದ ತಬಲಾದವರ ಮುಂದೆ ಬಿಲ್ಲು ತಾನಾಗಿಯೇ ಹಗುರವಾಗುತ್ತದೆ. ಸಿನಿಸ್ಟರ್‌ನಲ್ಲಿ ನೀವು ಕೇಳುತ್ತಿರುವ ನಯದಲ್ಲಿ ಅರ್ಧದಷ್ಟು ಈ ಹೊಸ ಪರಿಚಯದ ಸಂಕೋಚ. ಅದನ್ನು ಜೀವಮಾನವಿಡೀ ಉಳಿಸಿಕೊಳ್ಳಿ ಎಂದು ಯಾವ ತಂಡಕ್ಕೂ ಹೇಳಲು ಬರುವುದಿಲ್ಲ.

ಇನ್ನು ಕ್ಯಾಂಬೆಲ್. ಅವರು ಹೋದದ್ದರಿಂದ ಏನು ಹೋಯಿತು ಎಂದು ಕೇಳಿದ್ದೀರಿ. ಜನ ಅವರ ಪಿಸುದನಿಯನ್ನು ನೆನೆಯುತ್ತಾರೆ, ನಾನು ಚೆಲೋವನ್ನು ನೆನೆಯುತ್ತೇನೆ. ಚೆಲೋ ನಿಲ್ಲುವುದು ಬಾಸ್ ಗಿಟಾರಿಗೂ ಗಾಯಕನ ದನಿಗೂ ನಡುವಿನ ಜಾಗದಲ್ಲಿ. ಅದು ಸ್ವರವನ್ನು ಎಳೆದು ಹಿಡಿಯುವ ವಾದ್ಯ. ಆ ಎಳೆತ ಕೇಳಬೇಕಾದರೆ ಡ್ರಮ್ಸ್ ತಗ್ಗಬೇಕು, ಎಲೆಕ್ಟ್ರಿಕ್ ಗಿಟಾರ್ ದೂರ ನಿಲ್ಲಬೇಕು, ಗಾಯಕ ಕೂಗಬಾರದು. ಒಂದು ಚೆಲೋ ಇದ್ದರೆ ಇಡೀ ತಂಡ ಅದರ ಮರ್ಯಾದೆಗೆ ತಕ್ಕಂತೆ ನಡೆದುಕೊಳ್ಳುತ್ತದೆ. ಅದು ಎದ್ದುಹೋದ ಮೇಲೆ ಆ ಜಾಗಕ್ಕೆ ಏನು ಬಂತೆಂದು 2003ರ ನಂತರದ ಯಾವ ಹಾಡಿನಲ್ಲಾದರೂ ಕೇಳಿ: ಜಾಕ್ಸನ್‌ರ ಗಿಟಾರ್, ಕ್ರಿಸ್ ಗೆಡ್ಡಿಸ್‌ರ ಕೀಬೋರ್ಡ್. ಎರಡೂ ಮೀಟಿ, ಒತ್ತಿ ನುಡಿಸುವಂಥವು. ಇವಕ್ಕೆ ತಾಳ ಗಟ್ಟಿಯಾಗಿ ಬೇಕು. ಡ್ರಮ್ಸ್ ಮುಂದೆ ಬಂತು. ಡ್ರಮ್ಸ್ ಮುಂದೆ ಬಂದಾಗ ಮರ್ಡಾಕ್ ದನಿ ಎತ್ತಲೇಬೇಕಾಯಿತು. ಇದರಲ್ಲಿ ಟ್ರೆವರ್ ಹಾರ್ನ್ ಮಾಡಿದ ಮಾಟವೇನೂ ಇಲ್ಲ.

ಆದರೆ ಎಲ್ಲವನ್ನೂ 2002ಕ್ಕೆ ಕಟ್ಟಿಹಾಕಬೇಡಿ. ಒಡಕು ಶುರುವಾದದ್ದು ಅದಕ್ಕೂ ಮೊದಲು. 1998ರ 'ದ ಬಾಯ್ ವಿದ್ ದಿ ಅರಬ್ ಸ್ಟ್ರ್ಯಾಪ್'ನಲ್ಲಿ ಮರ್ಡಾಕ್ ಇತರರಿಗೂ ಜಾಗ ಬಿಟ್ಟುಕೊಟ್ಟರು. ಜಾಕ್ಸನ್ ಹಾಡಿದರು, ಕ್ಯಾಂಬೆಲ್ ಹಾಡಿದರು, ಸ್ಟುವರ್ಟ್ ಡೇವಿಡ್ ತಮ್ಮ ಕನಸೊಂದನ್ನು ಮಾತಿನಲ್ಲಿ ಹೇಳಿದರು. ಆ ಒಂದು ಆಲ್ಬಮಿನಲ್ಲಿ ಅದು ಚೆನ್ನಾಗಿ ಕೂಡಿಬಂತು. 2000ದ 'ಫೋಲ್ಡ್ ಯುವರ್ ಹ್ಯಾಂಡ್ಸ್ ಚೈಲ್ಡ್, ಯು ವಾಕ್ ಲೈಕ್ ಎ ಪೆಸೆಂಟ್' ಹೊತ್ತಿಗೆ ಸರದಿ ಪ್ರಕಾರ ಎಲ್ಲರಿಗೂ ಒಂದೊಂದು ಎಂಬಂತಾಯಿತು. ಮನುಷ್ಯರ ನಡುವೆ ಅದು ನ್ಯಾಯ, ಆಲ್ಬಮಿಗೆ ನ್ಯಾಯವಲ್ಲ. ಒಳ್ಳೆಯ ಹಾಡುಗಳಿವೆ, ಆದರೆ ಒಬ್ಬ ಯಜಮಾನನ ಕಣ್ಣು ಇಲ್ಲ. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ನುಗ್ಗಿದ ಅವರ ಮೊದಲ ಆಲ್ಬಂ ಅದೇ ಎಂಬುದು ವಿಧಿಯ ತಮಾಷೆ. ಅದೇ ವರ್ಷ ಡೇವಿಡ್ ತಮ್ಮ ಲೂಪರ್ ತಂಡಕ್ಕೆಂದು ಹೊರನಡೆದರು. 'ಸ್ಟೋರಿಟೆಲಿಂಗ್' ಚಿತ್ರಕ್ಕೆ ತಂಡ ಮಾಡಿದ ಸಂಗೀತ 2002ರಲ್ಲಿ ಆಲ್ಬಮಾಗಿ ಬಂತು. ಅದರಲ್ಲಿ ಹೆಚ್ಚಿನ ಪಾಲು ಚಿತ್ರದಲ್ಲಿ ಬಳಕೆಯೇ ಆಗಲಿಲ್ಲ. ಅದೇ ವರ್ಷದ ವಸಂತದಲ್ಲಿ ಅಮೆರಿಕದ ಪ್ರವಾಸದ ನಡುವೆಯೇ ಕ್ಯಾಂಬೆಲ್ ಬಿಟ್ಟರು. ಹೀಗೆ ಸುಸ್ತಾಗಿ, ಚದುರಿ ನಿಂತಿದ್ದ ತಂಡಕ್ಕೆ ಹಾರ್ನ್ ಬಂದರು. ಯಾವ ವಾದ್ಯ ಎಲ್ಲಿ ಕೂರಬೇಕು, ಯಾವ ಸಾಲು ಉಳಿಯಬೇಕು ಎಂದು ಹೊರಗಿನವರೊಬ್ಬರು ನಿರ್ಧರಿಸಬೇಕಾದ ಸ್ಥಿತಿ ಅದು. ಅವರು ಅಷ್ಟನ್ನು ಮಾಡಿದರು, ಕೆಲವು ಕಡೆ ತುಸು ಅತಿಯಾಗಿಯೂ ಮಾಡಿದರು. ಹಾರ್ನ್ ಮಾಡಿದ ಆ ಆಲ್ಬಂ, ವರ್ಷದ ಅತ್ಯುತ್ತಮ ಆಲ್ಬಮಿಗೆ ಬ್ರಿಟನ್ನಿನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂತು.

ಮಾತು ಸಾಕು, ಕಿವಿಗೇ ಬಿಡೋಣ. 2005ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಬಾರ್ಬಿಕನ್ ಸಭಾಂಗಣದಲ್ಲಿ ತಂಡ ಸಿನಿಸ್ಟರ್ ಆಲ್ಬಮನ್ನು ಆದಿಯಿಂದ ಅಂತ್ಯದವರೆಗೆ ನುಡಿಸಿತು. ಅದರ ಧ್ವನಿಮುದ್ರಣ ಸಿಗುತ್ತದೆ. ಹಾಡುಗಳು ಅವೇ, ಅನುಕ್ರಮ ಅದೇ, ಆದರೆ ಕ್ಯಾಂಬೆಲ್ ಇಲ್ಲ, ಡೇವಿಡ್ ಇಲ್ಲ, ಹೊಸದಾಗಿ ಸೇರಿದ ಬಾಬಿ ಕಿಲ್ಡಿಯಾ ಇದ್ದಾರೆ. ಎರಡನ್ನೂ ಒಂದೊಂದು ಹಾಡಿನಂತೆ ಒಂದರ ಪಕ್ಕ ಒಂದಿಟ್ಟು ಕೇಳಿ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಶುದ್ಧವಾದ ಪ್ರಯೋಗ ಸಿಗುವುದಿಲ್ಲ. ಮೂಲ ಮುದ್ರಣದ ಬಗ್ಗೆ ಮರ್ಡಾಕ್‌ಗೆ ತೃಪ್ತಿ ಇರಲಿಲ್ಲ ಎಂಬುದೂ ನೆನಪಿನಲ್ಲಿರಲಿ. ನಾವು ಪೂಜಿಸುವ ತೆಳುತನ ಅವರಿಗೆ ಕೊರತೆಯಾಗಿ ಕಂಡಿತ್ತು.

ಕೊನೆಯದಾಗಿ, ಯಾರೂ ಹೇಳದ ಹೆಸರು: ಸಾರಾ ಮಾರ್ಟಿನ್. ಟೈಗರ್‌ಮಿಲ್ಕ್ ನಂತರ ಪಿಟೀಲಿನೊಂದಿಗೆ ಸೇರಿದವರು. ಮೊದಮೊದಲು ಅವರು ಇದ್ದಾರೋ ಇಲ್ಲವೋ ಎಂಬಷ್ಟು ಹಿಂದೆ. 2010ರ 'ರೈಟ್ ಅಬೌಟ್ ಲವ್' ಆಲ್ಬಂ ಅವರ ದನಿಯಿಂದಲೇ ತೆರೆದುಕೊಳ್ಳುತ್ತದೆ. ತಂಡದ ಇತಿಹಾಸ ಬರೆಯುವವರೆಲ್ಲ ಹೋದವರ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ; ಉಳಿದುಕೊಂಡೇ ಬೆಳೆದವರಿಗೆ ಒಂದು ಸಾಲು. ಇದು ಪಿಟೀಲಿನವನ ಪಕ್ಷಪಾತ ಎಂದರೂ ಸರಿ.

ಕೆಲ್ವಿನ್_ದಂಡೆ

ಮಾಮ, ಚೆನ್ನಾಗಿ ಬರೆದಿದ್ದೀರಿ. ಆದರೆ 2010ಕ್ಕೆ ಬಂದು ನಿಂತುಬಿಟ್ಟಿರಿ. ನಾನು ಧಾರವಾಡದವಳು, ಕೆಲಸದ ನಿಮಿತ್ತ ಗ್ಲಾಸ್ಗೋದಲ್ಲಿದ್ದೇನೆ. ಮರ್ಡಾಕ್ ಚರ್ಚಿನ ಸಭಾಭವನದ ಮೇಲುಗಡೆ ವಾಸವಿದ್ದು ಅದರ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಕಾಲವಿತ್ತು. ಅದು ಇದೇ ನಗರದ ಪಶ್ಚಿಮ ಭಾಗದಲ್ಲಿ. ಕೆಂಪು ಮರಳುಗಲ್ಲಿನ ನಾಲ್ಕಂತಸ್ತಿನ ಸಾಲುಮನೆಗಳು, ನಾಲ್ಕು ಗಂಟೆಗೇ ಕತ್ತಲಾಗುವ ಡಿಸೆಂಬರ್. ಇಲ್ಲಿನ ಗೋಡೆಗಳ ನಡುವೆ ಆ ಹಳೆಯ ಹಾಡುಗಳು ಏಕೆ ಮೆಲ್ಲಗಿದ್ದವು ಎಂಬುದಕ್ಕೆ ನನ್ನದೊಂದು ಸರಳ ಊಹೆಯಿದೆ: ಕೆಳಮನೆಯವರು ಬಾಗಿಲು ತಟ್ಟುತ್ತಾರೆ.

ನನಗೆ ಈ ತಂಡ ಪರಿಚಯವಾದದ್ದು 2015ರ 'ಗರ್ಲ್ಸ್ ಇನ್ ಪೀಸ್‌ಟೈಮ್ ವಾಂಟ್ ಟು ಡ್ಯಾನ್ಸ್' ಮೂಲಕ. ಅಮೆರಿಕದ ಅಟ್ಲಾಂಟಾದಲ್ಲಿ ಬೆನ್ ಅಲೆನ್ ಎಂಬ ಪ್ರೊಡ್ಯೂಸರ್ ಜೊತೆ ಮಾಡಿದ್ದು. ಸಿಂಥಸೈಜರ್, ಕುಣಿತದ ತಾಳ, ಹಳೆಯ ಅಭಿಮಾನಿಗಳು ಮೂಗು ಮುರಿಯಲು ಬೇಕಾದುದೆಲ್ಲವೂ ಅದರಲ್ಲಿದೆ. ಆದರೆ ಅದರ ಮೊದಲ ಹಾಡು 'ನೋಬಡೀಸ್ ಎಂಪೈರ್' ಏನು ಗೊತ್ತೇ? ಮಾಮ ಹೇಳಿದ ಅದೇ ಕಾಯಿಲೆಯ ಕಥೆ. ಹಾಸಿಗೆ ಹಿಡಿದಿದ್ದ ಆ ವರ್ಷಗಳ ಬಗ್ಗೆ ಮರ್ಡಾಕ್ ಅಷ್ಟು ನೇರವಾಗಿ ಬರೆದದ್ದು ಸುಮಾರು ಇಪ್ಪತ್ತು ವರ್ಷಗಳ ನಂತರ, ಅದೂ ಅತ್ಯಂತ ವಿಶಾಲವಾದ, ತುಂಬು ಮೇಳದ ದನಿಯಲ್ಲಿ. 2024ರಲ್ಲಿ ಅದೇ ಹೆಸರಿನಲ್ಲಿ ಕಾದಂಬರಿಯನ್ನೂ ಪ್ರಕಟಿಸಿದರು. ಅತ್ಯಂತ ಖಾಸಗಿಯಾದದ್ದನ್ನು ಹೇಳಲು ಮೆಲುದನಿಯೇ ಬೇಕು ಎಂದು ನೀವೆಲ್ಲ ಏಕೆ ಭಾವಿಸಿದ್ದೀರಿ? ಸಿನಿಸ್ಟರ್ ಕಾಲದಲ್ಲಿ ಮರ್ಡಾಕ್ ಬೇರೆಯವರ ಕಥೆಗಳ ಹಿಂದೆ ನಿಂತು ಹಾಡುತ್ತಿದ್ದರು. ಪತ್ರಿಕೆಗಳಿಗೆ ಮುಖವನ್ನೂ ತೋರಿಸುತ್ತಿರಲಿಲ್ಲ. ಫೋಟೊ ಕೇಳಿದರೆ ತಮ್ಮ ಬದಲು ಗೆಳೆಯರ ಚಿತ್ರ ಕಳುಹಿಸುತ್ತಿದ್ದರಂತೆ.

ಇನ್ನೊಂದು ಮಾತು. 2022ರ 'ಎ ಬಿಟ್ ಆಫ್ ಪ್ರೀವಿಯಸ್' ಆಲ್ಬಮಿಗಾಗಿ ಲಾಸ್ ಏಂಜಲೀಸ್‌ಗೆ ಹೊರಟಿದ್ದವರನ್ನು ಕೋವಿಡ್ ತಡೆಯಿತು. ಊರಿನಲ್ಲೇ, ತಮ್ಮ ಅಭ್ಯಾಸದ ಜಾಗವನ್ನೇ ಸ್ಟುಡಿಯೋ ಮಾಡಿಕೊಂಡು ಮುದ್ರಿಸಿದರು. 2000ದ ನಂತರ ಗ್ಲಾಸ್ಗೋದಲ್ಲಿ ಮಾಡಿದ ಮೊದಲ ಪೂರ್ಣ ಆಲ್ಬಂ ಅದು. ಅದೇ ಕಂತಿನ ಹಾಡುಗಳಿಂದ 2023ರ ಜನವರಿಯಲ್ಲಿ 'ಲೇಟ್ ಡೆವಲಪರ್ಸ್' ಬಂತು. ಊರಿಗೆ ಮರಳಿದ ಕೂಡಲೇ ದನಿ 1996ಕ್ಕೆ ಮರಳಲಿಲ್ಲ. ಸಿಂಥಸೈಜರ್ ಹಾಗೆಯೇ ಉಳಿಯಿತು. ಜಾಗಕ್ಕಿಂತ ಜನರೇ ಮುಖ್ಯ ಎಂಬ ಮಾಮನ ವಾದಕ್ಕೆ ಇದು ಬೆಂಬಲ ಎಂದುಕೊಳ್ಳಿ, ನನ್ನ ತಕರಾರಿನ ನಡುವೆಯೂ.

ಬಸವನಗುಡಿ_ಬಾಸ್

ಕಾಯಿಲೆಯ ಹಾಡಿಗೆ ಡಿಸ್ಕೊ ದೀಪ ಹಚ್ಚಿದರೆ ನಾನು ಕುಣಿಯಬೇಕೋ ಅಳಬೇಕೋ ಗೊತ್ತಾಗುವುದಿಲ್ಲ, ಮೇಡಂ. ನನ್ನ ಪಟ್ಟು ಬದಲಾಗಿಲ್ಲ. ಆದರೆ ಬಾರ್ಬಿಕನ್ ಮುದ್ರಣದ ವಿಷಯ ಹೊಸದು, ಹುಡುಕುತ್ತಿದ್ದೇನೆ.

ಮಳೆಬಿಲ್ಲು_ಮೈಸೂರು

ಮಾಮ, ನೀವು ಹೇಳಿದಂತೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದೆ. ಬಾರ್ಬಿಕನ್‌ನಲ್ಲಿ ಎಲ್ಲವೂ ಸ್ಪಷ್ಟ. ಡ್ರಮ್ಸ್‌ಗೆ ಮೈ ಬಂದಿದೆ, ಟ್ರಂಪೆಟ್ ತಲೆ ಎತ್ತಿ ಊದುತ್ತದೆ, ಮರ್ಡಾಕ್ ಪ್ರತಿಯೊಂದು ಪದವನ್ನೂ ಪೂರ್ತಿ ಉಚ್ಚರಿಸುತ್ತಾರೆ. ವಾದಕರು ಖಂಡಿತ ಉತ್ತಮರಾಗಿದ್ದಾರೆ. ಆದರೂ ನಾನು ಮರಳಿ ಹೋದದ್ದು 1996ರದಕ್ಕೇ. ಕಾರಣ ಕೇಳಿದರೆ ಹೇಳಲು ಬರುವುದಿಲ್ಲ. ಬಹುಶಃ ಅಲ್ಲಿ ಹಾಡು ಎಲ್ಲಿ ಕುಸಿದುಬೀಳುತ್ತದೋ ಎಂಬ ಆತಂಕ ನನಗೆ ಬೇಕು.

ಒಂದು ಸಂದೇಹ. ಟ್ರಂಪೆಟ್ ನುಡಿಸುವವರ ಬಗ್ಗೆ ನೀವು ಏನೂ ಹೇಳಲಿಲ್ಲ. ಎರಡೂ ಮುದ್ರಣಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಅವರು ಈಗಲೂ ಇದ್ದಾರೆಯೇ?

ಪಿಟೀಲು_ಮಾಮ

ಇಲ್ಲ, 2013ರಲ್ಲಿ ಬಿಟ್ಟರು. ಮಿಕ್ ಕುಕ್. ಮೊದಲೆರಡು ಆಲ್ಬಂಗಳಲ್ಲಿ ಕರೆದಾಗ ಬಂದು ಊದಿಹೋಗುವ ಅತಿಥಿಯಾಗಿದ್ದರು, 1998ರ ಹೊತ್ತಿಗೆ ಪೂರ್ಣ ಸದಸ್ಯರಾದರು. ಟ್ರಂಪೆಟ್ ಮಾತ್ರವಲ್ಲ, ತಂತಿವಾದ್ಯ, ತುತ್ತೂರಿಗಳ ಸಾಲುಗಳನ್ನು ಬರೆದು ಜೋಡಿಸುವ ಕೆಲಸದಲ್ಲೂ ಅವರ ಕೈ ದೊಡ್ಡದು. 2006ರಲ್ಲಿ ಹಾಲಿವುಡ್ ಬೌಲ್‌ನಲ್ಲಿ ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್ ಮೇಳದೊಂದಿಗೆ ಈ ತಂಡ ನುಡಿಸಿತಲ್ಲ, ಅಷ್ಟು ದೊಡ್ಡ ಮೇಳದ ಮುಂದೆ ನಿಲ್ಲುವ ಹಾಡುಗಳಾಗಿ ಅವು ಬೆಳೆದದ್ದರ ಹಿಂದೆ ಇಂಥ ಕಣ್ಣಿಗೆ ಬೀಳದ ಕೆಲಸವಿದೆ. ಕುಕ್ ಹೋದ ನಂತರದ ಆಲ್ಬಂ ಯಾವುದು? ಕೆಲ್ವಿನ್ ದಂಡೆಯವರ ಆ ಕುಣಿತದ ಆಲ್ಬಮೇ. ಸಿಂಥಸೈಜರ್ ಬಂದದ್ದು ಖಾಲಿ ಮನೆಗಂತೂ ಅಲ್ಲ, ಆದರೆ ಒಂದು ಕುರ್ಚಿ ಖಾಲಿಯಿತ್ತು.

ಒಂದು ಸ್ವಾರಸ್ಯ ಕೇಳಿ. 1999ರಲ್ಲಿ ಬ್ರಿಟನ್ನಿನ ಸಂಗೀತಲೋಕದ ಬ್ರಿಟ್ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಹೊಸಬರು ಎಂದು ಜನರ ಮತದಿಂದ ಈ ತಂಡ ಆಯ್ಕೆಯಾಯಿತು. ಆಗಲೇ ಮೂರು ಆಲ್ಬಂ ತಂದಿದ್ದ ಹೊಸಬರು! ಸ್ಟೆಪ್ಸ್ ಎಂಬ ಜನಪ್ರಿಯ ಪಾಪ್ ತಂಡ ಸೋತಿತು, ಅವರ ಕಡೆಯವರು ಮತದಾನದಲ್ಲಿ ಮೋಸವಾಗಿದೆ ಎಂದು ಗದ್ದಲ ಎಬ್ಬಿಸಿದರು. ಮರ್ಡಾಕ್ ವೇದಿಕೆಯತ್ತ ಸುಳಿಯಲಿಲ್ಲ. ಪ್ರಶಸ್ತಿ ಪಡೆಯಲು ಹೋದವರು ಕುಕ್ ಮತ್ತು ಡ್ರಮ್ಸ್‌ನ ಕೋಲ್‌ಬರ್ನ್. ಪೆಟ್ಟು ಕೊಡುವವರು, ಊದುವವರು, ಅಂದರೆ ಸದ್ದು ಮಾಡಲು ಹೆದರದ ಇಬ್ಬರು.

ನಿಮಗೆ 1996ರದೇ ಇಷ್ಟವಾದರೆ ಸಂತೋಷ, ಬಲವಂತ ಮಾಘಸ್ನಾನ ಬೇಡ. ಮುಂದೆ ಏನು ಕೇಳಬೇಕು ಎಂಬುದಕ್ಕೆ ನನ್ನ ಸಲಹೆ ಆಲ್ಬಂ ಅಲ್ಲ, 1997ರ ಮೂರು ಇಪಿಗಳು, ಅಂದರೆ ಕೆಲವೇ ಹಾಡುಗಳ ಕಿರು ಆಲ್ಬಂಗಳು. ಎಲ್ಲವೂ 2005ರಲ್ಲಿ ಬಂದ 'ಪುಶ್ ಬಾರ್ಮನ್ ಟು ಓಪನ್ ಓಲ್ಡ್ ವೂಂಡ್ಸ್' ಸಂಗ್ರಹದಲ್ಲಿ ಒಟ್ಟಿಗೆ ಇವೆ. ಮೊದಲನೆಯದರಲ್ಲಿರುವುದು ಟೈಗರ್‌ಮಿಲ್ಕ್‌ಗೂ ಹಿಂದಿನ ಮಾದರಿ ಮುದ್ರಣಗಳು; ಉಳಿದೆರಡು ಹಳೆಯ ಬಳಗ ಒಬ್ಬರಿಗೊಬ್ಬರು ಪಳಗಿದ ಮೇಲೆ ಮಾಡಿದ ಕೆಲಸ. ನನ್ನ ಮಟ್ಟಿಗೆ ತಂಡದ ಅತ್ಯುತ್ತಮ ವರ್ಷ. ಅದರಲ್ಲಿ 'ಲೇಜಿ ಲೈನ್ ಪೇಂಟರ್ ಜೇನ್' ಎಂಬ ಹಾಡಿದೆ. ಮೋನಿಕಾ ಕ್ವೀನ್ ಎಂಬ ಗಾಯಕಿ ಅತಿಥಿಯಾಗಿ ಬಂದು, ಮರ್ಡಾಕ್‌ರ ಸಣ್ಣ ದನಿಯನ್ನು ಅನಾಯಾಸವಾಗಿ ದಾಟಿ ಹಾಡುತ್ತಾರೆ. ಆಮೇಲೆ ಹಾಡು ನಿಲ್ಲಬೇಕಾದ ಕಡೆ ನಿಲ್ಲದೆ, ಆರ್ಗನ್, ಗಿಟಾರ್, ಡ್ರಮ್ಸ್ ಎಲ್ಲವೂ ಸೇರಿ ನಿಮಿಷಗಟ್ಟಲೆ ಏರುತ್ತಲೇ ಹೋಗುತ್ತವೆ. ಆಗ ಕ್ಯಾಂಬೆಲ್ ಇನ್ನೂ ತಂಡದಲ್ಲಿದ್ದರು, ಟ್ರೆವರ್ ಹಾರ್ನ್ ಬರಲು ಆರು ವರ್ಷ ಬಾಕಿಯಿತ್ತು. ಬಾಸ್ ಅವರೇ, ಇದು ನೀವು ಒಪ್ಪುವ ಕಾಲದ್ದೇ. ಅದನ್ನೊಮ್ಮೆ ದನಿ ಏರಿಸಿ ಕೇಳಿ, ಆಮೇಲೆ ಯಾರು ಯಾರನ್ನು ಹಾಳುಮಾಡಿದರು ಎಂದು ಜಗಳ ಮುಂದುವರಿಸೋಣ.

ಬಸವನಗುಡಿ_ಬಾಸ್

ಆ ಹಾಡು ನನ್ನ ಬಳಿ ಮೊದಲಿನಿಂದಲೂ ಇದೆ, ಮಾಮ. ಅದರಲ್ಲಿರುವುದು ಏರಿಕೆ, ಹಾರ್ನ್ ಮಾಡಿದ್ದು ಹೊಳಪು. ಎರಡೂ ಒಂದೇ ಅಲ್ಲ. ಜಗಳಕ್ಕೆ ಸಿದ್ಧ.